ಕಲ್ಲಿನ ಮಾತಿಗೆ ಚಲಿಸುವ ಚಿತ್ರ

ಚರಿತ್ರೆಯ ಒಂದು ಭಾಷಣವನ್ನು ಆರಿಸಿಕೊಳ್ಳಿ, ಅದಕ್ಕೆ ಒಂದೆರಡು ನಿಮಿಷದ ಅನಿಮೇಷನ್ ಚಿತ್ರ ರಚಿಸಿ, ಅಂತರ್ಜಾಲದ ಮೂಲಕ ಕಳುಹಿಸಿ. ಇಂಥ ಸ್ಪರ್ಧೆಗಳು ಈಗ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಹಿಂದೆ ದೊಡ್ಡ ಸ್ಟುಡಿಯೋಗಳಲ್ಲಿ ಮಾತ್ರ ಸಾಧ್ಯವಿದ್ದ ಕೆಲಸವನ್ನು ಇಂದು ಒಂದು ಸಾಧಾರಣ ಕಂಪ್ಯೂಟರಿನಲ್ಲಿ ಮಾಡಬಹುದು. ಭಾಷಣ ಯಾವುದೆಂದು ಕೇಳಿದರೆ ಥಟ್ಟನೆ ನೆನಪಾಗುವವು ಕೆಲವೇ: 1893ರ ಷಿಕಾಗೋದಲ್ಲಿ ಸ್ವಾಮಿ ವಿವೇಕಾನಂದರು, 1947ರ ಆಗಸ್ಟ್ 14ರ ನಡುರಾತ್ರಿ ನೆಹರೂ, 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್, 1963ರ ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್.

ಇವೆಲ್ಲ ದೂರದ ಸಭಾಂಗಣಗಳ ಮಾತು. ಜೋಗಿಮಟ್ಟಿಯ ತಪ್ಪಲಿನ ಒಂದು ಹಳ್ಳಿಯ ವಿದ್ಯಾರ್ಥಿ ಇದೇ ಸ್ಪರ್ಧೆಗೆ ತನ್ನ ಸೀಮೆಯ ಭಾಷಣವನ್ನೇ ಆರಿಸಿಕೊಳ್ಳಬೇಕೆಂದು ಹಟ ಹಿಡಿದರೆ ಯಾವುದನ್ನು ಆರಿಸಿಕೊಳ್ಳಬಹುದು? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಗೆ ಹಬ್ಬಿಕೊಂಡಿರುವ ಈ ಗುಡ್ಡಸಾಲಿನ ಕಾಡು 2015ರಲ್ಲಿ ವನ್ಯಜೀವಿಧಾಮವಾಯಿತು. ಒಂದು ಬದಿಗೆ ಕೋಟೆಯ ಬಂಡೆಗಳು, ಇನ್ನೊಂದು ಬದಿಗೆ ಗುಡ್ಡದ ನೆತ್ತಿಗಳ ಮೇಲೆ ತಿರುಗುವ ಗಾಳಿಯಂತ್ರಗಳು. ಇಲ್ಲಿ ಚರಿತ್ರೆಗೆ ಬರವಿಲ್ಲ. ಆದರೆ ಚರಿತ್ರೆ ಇರುವುದು ಬೇರೆ, ಚರಿತ್ರೆಯ ಮಾತು ಉಳಿದಿರುವುದು ಬೇರೆ. ಈ ವ್ಯತ್ಯಾಸ ತಿಳಿಯಲು ಚಿತ್ರದುರ್ಗಕ್ಕಿಂತ ಒಳ್ಳೆಯ ಪಾಠಶಾಲೆ ಸಿಗಲಾರದು.

ಮಾತೇ ಇಲ್ಲದ ವೀರವನಿತೆ

ದುರ್ಗ ಎಂದೊಡನೆ ಮೊದಲು ನೆನಪಾಗುವವಳು ಒನಕೆ ಓಬವ್ವ. ಮದಕರಿ ನಾಯಕನ ಕಾಲದಲ್ಲಿ ಹೈದರಾಲಿಯ ಸೈನಿಕರು ಬಂಡೆಗಳ ನಡುವಿನ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಿದ್ದಾಗ, ಕಾವಲುಗಾರನ ಹೆಂಡತಿ ಒನಕೆಯಿಂದ ಅವರನ್ನು ಕೊಂದ ಕಥೆ ಕನ್ನಡ ನಾಡಿನ ಮಕ್ಕಳಿಗೆಲ್ಲ ಗೊತ್ತು. 1779ರಲ್ಲಿ ಕೋಟೆ ಕೊನೆಗೂ ಹೈದರನ ಕೈಸೇರಿತು. ಓಬವ್ವ ಮಾತ್ರ ಜನರ ನೆನಪಿನಲ್ಲಿ ಉಳಿದಳು. 1972ರ ‘ನಾಗರಹಾವು’ ಚಿತ್ರದಲ್ಲಿ ಪುಟ್ಟಣ್ಣ ಕಣಗಾಲ್ ಆಕೆಯ ಕಥೆಯನ್ನು ಹಾಡಾಗಿಸಿ ತೋರಿಸಿದ ಮೇಲೆ ಜಯಂತಿಯವರ ಮುಖವೇ ಓಬವ್ವನ ಮುಖವಾಯಿತು. ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸಲು ರಾಜ್ಯ ಸರ್ಕಾರ 2021ರಲ್ಲಿ ತೀರ್ಮಾನಿಸಿತು.

ಆದರೆ ಓಬವ್ವ ಆಡಿದ ಒಂದು ಮಾತೂ ಯಾವ ದಾಖಲೆಯಲ್ಲೂ ಇಲ್ಲ. ಸ್ವಲ್ಪ ಯೋಚಿಸಿದರೆ ಇದು ಸಹಜವೇ. ಆಕೆ ಮಾಡಿದ್ದು ಮೌನದ ಕೆಲಸ. ಊಟಕ್ಕೆ ಕೂತ ಗಂಡನನ್ನು ಎಬ್ಬಿಸಬಾರದೆಂದು ಆಕೆ ಕೂಗಲಿಲ್ಲ ಎನ್ನುತ್ತದೆ ಜನರ ಕಥೆ. ಕೂಗಿದ್ದರೆ ಕಿಂಡಿಯ ಆಚೆ ಸರದಿ ಕಾಯುತ್ತಿದ್ದವನಿಗೂ ಗೊತ್ತಾಗುತ್ತಿತ್ತು. ಕಥೆಯ ಜೀವವಿರುವುದೇ ಆ ಸದ್ದಿಲ್ಲದ ಎಚ್ಚರದಲ್ಲಿ. ಅಂಥವಳ ಬಾಯಿಗೆ ಎರಡು ನಿಮಿಷದ ವೀರಭಾಷಣ ತುರುಕಿದರೆ ಚಪ್ಪಾಳೆ ಬಂದೀತು, ಓಬವ್ವ ಕೈತಪ್ಪಿ ಹೋಗುತ್ತಾಳೆ. ಆಕೆಯ ಚಿತ್ರ ಬರೆಯುವವನಿಗೆ ಬೇಕಾದದ್ದು ಕಿಂಡಿಯ ಕತ್ತಲೆ, ನೀರಿನ ಕೊಡ, ಒನಕೆಯ ಸದ್ದು. ಸಂಭಾಷಣೆಯಲ್ಲ.

ಹೀಗೆ ಮಾತು ತುರುಕುವುದು ನಮ್ಮಲ್ಲಿ ಹೊಸದೂ ಅಲ್ಲ. ಶಾಲಾ ವಾರ್ಷಿಕೋತ್ಸವಗಳಲ್ಲಿ ರಟ್ಟಿನ ಕತ್ತಿ ಹಿಡಿದ ಪುಟ್ಟ ಬಾಲಕಿ ಕಿತ್ತೂರು ಚೆನ್ನಮ್ಮನಾಗಿ, ಕಪ್ಪ ಏಕೆ ಕೊಡಬೇಕೆಂದು ಗುಡುಗುವುದನ್ನು ಯಾರು ನೋಡಿಲ್ಲ? 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯ ಕಂಪನಿ ಸರ್ಕಾರದ ಪಡೆಯನ್ನು ಸೋಲಿಸಿದ್ದೂ, ಥ್ಯಾಕರೆ ಹತನಾದದ್ದೂ ದಾಖಲಾದ ಚರಿತ್ರೆ. ಆ ಗುಡುಗಿನ ಮಾತುಗಳು ಮಾತ್ರ ರಂಗಭೂಮಿ ಮತ್ತು ಸಿನಿಮಾದ ಕೊಡುಗೆ. ಬಿ.ಆರ್. ಪಂತುಲು 1959ರಲ್ಲಿ ತಮಿಳಿನಲ್ಲಿ ‘ವೀರಪಾಂಡಿಯ ಕಟ್ಟಬೊಮ್ಮನ್’, 1961ರಲ್ಲಿ ಕನ್ನಡದಲ್ಲಿ ‘ಕಿತ್ತೂರು ಚೆನ್ನಮ್ಮ’ ತೆಗೆದರು. ಎರಡರಲ್ಲೂ ಕಪ್ಪದ ವಿರುದ್ಧ ಆವೇಶದ ಮಾತುಗಳಿವೆ. ಎರಡೂ ಕಡೆ ಮಕ್ಕಳು ಅವನ್ನು ಬಾಯಿಪಾಠ ಮಾಡಿದರು. ಅವು ಒಳ್ಳೆಯ ನಾಟಕದ ಮಾತುಗಳು. ಅವನ್ನು ಚೆನ್ನಮ್ಮನ ಭಾಷಣವೆಂದು ಪಠ್ಯದಂತೆ ಒಪ್ಪಿಸಿದಾಗ ಮಾತ್ರ ತೊಡಕು ಶುರುವಾಗುತ್ತದೆ.

ಕಲ್ಲು ಸಾರಿದ ಭಾಷಣ

ಹಾಗಾದರೆ ದುರ್ಗದ ಸೀಮೆಯಲ್ಲಿ ನಂಬಬಹುದಾದ ಚಾರಿತ್ರಿಕ ಭಾಷಣ ಒಂದಾದರೂ ಇಲ್ಲವೇ? ಇದೆ. ಅದರ ವಯಸ್ಸು 2,200 ವರ್ಷ ದಾಟಿದೆ.

ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿರುವುದನ್ನು ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದರು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಶಾಸನವೆಂದರೆ ಬರವಣಿಗೆ, ಅದು ಭಾಷಣ ಹೇಗಾದೀತು ಎಂದು ಯಾರಾದರೂ ಕೇಳಬಹುದು. ಉತ್ತರವನ್ನು ಶಾಸನವೇ ಕೊಡುತ್ತದೆ. ಅದು ತನ್ನನ್ನು ‘ಸಾವಣ’ ಎಂದು ಕರೆದುಕೊಳ್ಳುತ್ತದೆ. ನಮ್ಮ ‘ಶ್ರವಣ’ ಎಂಬ ಪದದ ನೆಂಟ ಅದು. ಕಿವಿಗೆ ಬೀಳಿಸಿದ್ದು, ಸಾರಿ ಹೇಳಿದ್ದು ಎಂದು ಅರ್ಥ. ದೇವಾನಾಂಪಿಯ ಹೀಗೆ ಹೇಳುತ್ತಾನೆ ಎಂಬ ಒಕ್ಕಣೆಯೊಂದಿಗೆ ರಾಜನ ಮಾತು ಆರಂಭವಾಗುತ್ತದೆ. ಕಲ್ಲಿಗೆ ಇಳಿಯುವ ಮೊದಲು ಇದು ಬಾಯಿಂದ ಕಿವಿಗೆ ಹೋದ ಮಾತು.

ಅದು ಸಾಗಿ ಬಂದ ದಾರಿಯೂ ಅಲ್ಲಿಯೇ ಇದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಅವನ ಮಹಾಮಾತ್ರರ ಮಾತಿನಂತೆ, ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ರಾಜನ ಮಾತನ್ನು ತಿಳಿಸಬೇಕು. ಅಂದರೆ ರಾಜನಿಂದ ಪ್ರಾಂತದ ರಾಜಕುಮಾರನಿಗೆ, ಅವನಿಂದ ಸ್ಥಳೀಯ ಅಧಿಕಾರಿಗಳಿಗೆ, ಅವರಿಂದ ಜನರಿಗೆ. ಜನರು ಆಡುತ್ತಿದ್ದದ್ದು ಪ್ರಾಕೃತವಲ್ಲ. ‘ಇಸಿಲ’ ಎಂಬ ಊರ ಹೆಸರೇ ಕನ್ನಡ ಪದವೆಂದು ಡಿ.ಎಲ್. ನರಸಿಂಹಾಚಾರ್ ವಾದಿಸಿದ್ದರು. ಆದ್ದರಿಂದ ಕೊನೆಯ ಮೆಟ್ಟಿಲಿನಲ್ಲಿ ಯಾರೋ ಒಬ್ಬ ಅಧಿಕಾರಿ ಬಂಡೆಯ ಬಳಿ ನಿಂತು, ಸುತ್ತ ನೆರೆದವರಿಗೆ ಅವರದೇ ನುಡಿಯಲ್ಲಿ ಇದನ್ನು ಬಿಡಿಸಿ ಹೇಳಿರಬೇಕು. ಅನಿಮೇಷನ್ ಕಲಾವಿದನಿಗೆ ಇದಕ್ಕಿಂತ ಒಳ್ಳೆಯ ದೃಶ್ಯಸರಣಿ ಬೇಕೇ?

ಮಾತಿನ ಹುರುಳೂ ಸಾಮಾನ್ಯವಲ್ಲ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮಿಕ್ಕಿದೆ, ಆದರೆ ಮೊದಲ ಒಂದು ವರ್ಷ ಹೆಚ್ಚು ಶ್ರಮಪಡಲಿಲ್ಲ ಎನ್ನುತ್ತಾನೆ ಚಕ್ರವರ್ತಿ. ದೊಡ್ಡವರಿಗೆ ಮಾತ್ರವಲ್ಲ, ಪ್ರಯತ್ನಪಟ್ಟರೆ ಸಣ್ಣವರಿಗೂ ಸ್ವರ್ಗ ಸಿಗುತ್ತದೆ ಎಂದು ಸಾರುತ್ತಾನೆ. ತಂದೆತಾಯಿಗಳ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಸತ್ಯ ನುಡಿಯಬೇಕು. ಇದು ಹಿಂದಿನಿಂದ ಬಂದ ನಡವಳಿಕೆ ಎಂಬುದು ಅವನ ಮಾತಿನ ಸಾರ. ಇದರಲ್ಲಿ ಯುದ್ಧವಿಲ್ಲ, ಕತ್ತಿಯಿಲ್ಲ. ಸಾಮ್ರಾಜ್ಯದ ಒಡೆಯನೊಬ್ಬ ತಾನು ಒಂದು ವರ್ಷ ಸಾಲದಷ್ಟು ದುಡಿದೆ ಎಂದು ಪ್ರಜೆಗಳ ಮುಂದೆ ಸಾರಿಸುತ್ತಾನೆ. ಆ ಮುಖವನ್ನು ಹೇಗೆ ಬರೆಯಬೇಕು ಎಂಬುದೇ ಚಿತ್ರಕಾರನಿಗೆ ದೊಡ್ಡ ಸವಾಲು.

ಇನ್ನೂ ಒಂದು ಸಂಗತಿ ಇದೆ. ಶಾಸನದ ಕೊನೆಯಲ್ಲಿ ಅದನ್ನು ಬರೆದವನ ಹೆಸರಿದೆ: ಚಪಡ. ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ, ಉಪಖಂಡದ ವಾಯವ್ಯ ಮೂಲೆಯಲ್ಲಿ. ಅಲ್ಲಿಂದ ಬಂದವನೋ, ಅಲ್ಲಿನ ಲಿಪಿ ಕಲಿತವನೋ ಆದ ಒಬ್ಬ ನೌಕರ ಮೊಳಕಾಲ್ಮೂರಿನ ಬಂಡೆಯ ಮೇಲೆ ತನ್ನ ರುಜು ಹಾಕಿದ್ದಾನೆ. ರಾಜನ ಹೆಸರು ಈ ಬಂಡೆಗಳ ಮೇಲಿಲ್ಲ, ಬಿರುದು ಮಾತ್ರ ಇದೆ. ಅಶೋಕ ಎಂಬ ಹೆಸರೇ ಉಳ್ಳ ಶಾಸನ ಮಸ್ಕಿಯಲ್ಲಿ ದೊರೆತದ್ದು 1915ರಲ್ಲಿ. ಬ್ರಹ್ಮಗಿರಿಯ ಮಟ್ಟಿಗೆ ಮಾತಾಡಿದವನು ಬಿರುದಿನ ಮರೆಯಲ್ಲಿದ್ದಾನೆ, ಮಾತನ್ನು ಬರೆದುಕೊಂಡವನು ಹೆಸರು ಹೇಳಿ ನಿಂತಿದ್ದಾನೆ.

ಬರೆದುಕೊಂಡವರು ಯಾರು?

ಚಪಡನಂಥವರಿಲ್ಲದೆ ಯಾವ ಭಾಷಣವೂ ಚರಿತ್ರೆಗೆ ಸೇರದು. ಅಬ್ರಹಾಂ ಲಿಂಕನ್ 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನಲ್ಲಿ ಆಡಿದ ಕೆಲವೇ ನಿಮಿಷಗಳ ಮಾತಿಗೆ ಅವನ ಕೈಬರಹದ್ದೇ ಐದು ಪ್ರತಿಗಳಿವೆ. ಐದರಲ್ಲೂ ಅಲ್ಪಸ್ವಲ್ಪ ವ್ಯತ್ಯಾಸ. ವಿವೇಕಾನಂದರ ಷಿಕಾಗೋ ಭಾಷಣ ನಮಗೆ ಸಿಕ್ಕಿರುವುದು ಅಂದಿನ ಮುದ್ರಿತ ವರದಿಗಳಿಂದ. ಅವರದೇ ಧ್ವನಿ ಎಂದು ಹೇಳಿಕೊಳ್ಳುವ ಮುದ್ರಿಕೆಗಳು ಅಂತರ್ಜಾಲದಲ್ಲಿ ಹರಿದಾಡುತ್ತಿದ್ದರೂ ಅವು ಅವರ ಧ್ವನಿಯಲ್ಲ, ನಂತರದವರು ಓದಿದ್ದು. 1895ರ ಕೊನೆಯಿಂದ ಅವರ ಉಪನ್ಯಾಸಗಳು ಅಷ್ಟು ಅಚ್ಚುಕಟ್ಟಾಗಿ ಉಳಿದದ್ದು ಜೆ.ಜೆ. ಗುಡ್ವಿನ್ ಎಂಬ ಇಂಗ್ಲಿಷ್ ಶೀಘ್ರಲಿಪಿಗಾರನಿಂದ. ಸ್ವಾಮೀಜಿಯ ಜತೆ ಭಾರತಕ್ಕೂ ಬಂದ ಆತ 1898ರಲ್ಲಿ ಊಟಿಯಲ್ಲಿ ತೀರಿಕೊಂಡ.

ಧ್ವನಿಮುದ್ರಣ ಬಂದ ಮೇಲೂ ಗೊಂದಲ ಮುಗಿಯಲಿಲ್ಲ. ಗಾಂಧೀಜಿ 1931ರಲ್ಲಿ ಲಂಡನ್ನಿನಲ್ಲಿ ಗ್ರಾಮಫೋನ್ ಕಂಪನಿಗಾಗಿ ದೇವರ ಬಗ್ಗೆ ಓದಿದ್ದು, ತಾವೇ ಹಿಂದೆ ಬರೆದಿದ್ದ ಮಾತುಗಳನ್ನು. ಚರ್ಚಿಲ್ 1940ರ ಜೂನ್ 4ರಂದು ಸಂಸತ್ತಿನಲ್ಲಿ ಮಾಡಿದ ಪ್ರಸಿದ್ಧ ಭಾಷಣವನ್ನು ಅಂದು ಸದನದಲ್ಲಿ ಧ್ವನಿಮುದ್ರಿಸಿರಲಿಲ್ಲ. ಇಂದು ನಾವು ಕೇಳುವುದು ಆತ 1949ರಲ್ಲಿ ಮತ್ತೆ ಓದಿ ಮುದ್ರಿಸಿದ್ದನ್ನು. ಪದಗಳು ಅವೇ, ಧ್ವನಿಯೂ ಅವನದೇ. ಯುದ್ಧ ಸೋಲುವ ಭಯವಿದ್ದ ಗಳಿಗೆಯ ಧ್ವನಿ ಮಾತ್ರ ಅದಲ್ಲ, ಯುದ್ಧ ಗೆದ್ದು ನಾಲ್ಕು ವರ್ಷವಾದವನ ಧ್ವನಿ.

ನಮ್ಮ ದುರ್ಗದವರೇ ಎನ್ನಿಸಿಕೊಂಡ ಎಸ್. ನಿಜಲಿಂಗಪ್ಪನವರನ್ನೇ ನೋಡಬಹುದು. ವಕೀಲರಾಗಿ ಚಿತ್ರದುರ್ಗದಲ್ಲಿ ನೆಲೆಸಿದ ಅವರು 1939ರ ತುರುವನೂರು ಸತ್ಯಾಗ್ರಹದಲ್ಲಿ ಮುಂದಾಳುಗಳಾಗಿದ್ದರು, ಮುಂದೆ ಸಂವಿಧಾನ ಸಭೆಯ ಸದಸ್ಯರಾದರು, 1956ರ ನವೆಂಬರ್ 1ರಂದು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಸಂವಿಧಾನ ಸಭೆಯಲ್ಲಿ ಪ್ರತಿಯೊಂದು ಮಾತನ್ನೂ ವರದಿಗಾರರು ಬರೆದುಕೊಂಡು ಸಂಪುಟಗಳಾಗಿ ಅಚ್ಚುಹಾಕಿಸಿದರು. ಹಳ್ಳಿಯ ಕಟ್ಟೆಯ ಮೇಲೆ ನಿಂತು ರೈತರಿಗೆ ಹೇಳಿದ ಮಾತಿನ ಪಕ್ಕದಲ್ಲಿ ಶೀಘ್ರಲಿಪಿಗಾರ ಕೂತಿರುವುದಿಲ್ಲ. ಸ್ವಾತಂತ್ರ್ಯ ತಂದದ್ದರಲ್ಲಿ ಕಟ್ಟೆಯ ಮಾತಿನ ಪಾಲೇನು ಕಡಿಮೆಯೇ? ಯಾವ ಮಾತು ದೊಡ್ಡದು ಎಂಬುದಕ್ಕಿಂತ, ಯಾವ ಮಾತಿನ ಬಳಿ ಬರೆಯುವವನಿದ್ದ ಎಂಬುದೇ ಚರಿತ್ರೆಯನ್ನು ಎಷ್ಟೋ ಸಲ ನಿರ್ಧರಿಸಿದೆ. ಭಾಷಣಗಳ ಪಟ್ಟಿಯಲ್ಲಿ ಹೆಂಗಸರು, ಹಳ್ಳಿಗರು ಅಷ್ಟು ಕಡಿಮೆ ಇರುವುದಕ್ಕೂ ಇದೇ ಒಂದು ಕಾರಣ.

ಪರದೆಯ ಹಿಂದಿನ ದೀಪ

ಮಾತಿನ ಕಥೆ ಇಷ್ಟಾಯಿತು. ಮಾತಿಗೆ ಚಲಿಸುವ ಚಿತ್ರ ಕೂಡಿಸುವ ಕಲೆಯೂ ಈ ಸೀಮೆಗೆ ಹೊರಗಿನದಲ್ಲ. ಬಯಲುಸೀಮೆಯ ಹಳ್ಳಿಗಳಲ್ಲಿ ಶಿಳ್ಳೇಕ್ಯಾತರು ಆಡಿಸುತ್ತ ಬಂದ ತೊಗಲುಗೊಂಬೆಯಾಟ ಇನ್ನೇನು? ಹದಮಾಡಿದ ತೊಗಲನ್ನು ಬೆಳಕು ತೂರುವಷ್ಟು ತೆಳುವಾಗಿಸಿ, ಆಕಾರ ಕತ್ತರಿಸಿ, ರಂಧ್ರ ಕೊರೆದು, ಬಣ್ಣ ಹಚ್ಚಿ, ಕಡ್ಡಿಗೆ ಸಿಕ್ಕಿಸುತ್ತಾರೆ. ಬಿಳಿ ಪರದೆಯ ಹಿಂದೆ ದೀಪ. ಗೊಂಬೆಯ ಕೈ ಆಡಿದಂತೆ ಆಟಗಾರ ಮಾತಾಡುತ್ತಾನೆ. ರಾಮನಿಗೂ ರಾವಣನಿಗೂ ಅವನದೇ ಕಂಠ.

ಈ ಆಟದಲ್ಲಿ ಗಮನಿಸಬೇಕಾದ ಒಂದು ಜಾಣತನವಿದೆ. ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ಬಂದು ಊರ ಸುದ್ದಿ, ಮಳೆಬೆಳೆ, ಗೌಡನ ಮನೆ ವಿಚಾರ ಎಲ್ಲವನ್ನೂ ಮಾತಾಡುತ್ತವೆ. ನೋಡುವವರಿಗೆ ಗೊತ್ತು: ಇದು ರಾಮಾಯಣದ ಮಾತಲ್ಲ, ಇವತ್ತಿನ ಮಾತು, ಆಟಗಾರ ಸೇರಿಸಿದ್ದು. ಕಥೆಯ ಮಾತು, ಕಟ್ಟಿದ ಮಾತು ಎರಡಕ್ಕೂ ಬೇರೆ ಬೇರೆ ಗೊಂಬೆ. ಅಕ್ಷರ ಬಾರದ ಪ್ರೇಕ್ಷಕನೂ ಮೋಸಹೋಗುತ್ತಿರಲಿಲ್ಲ.

ಪುರಾಣದಿಂದ ಚರಿತ್ರೆಗೆ ಈ ಗೊಂಬೆಗಳನ್ನು ತಂದವರಲ್ಲಿ ಬಳ್ಳಾರಿಯ ಬೆಳಗಲ್ಲು ವೀರಣ್ಣ ಪ್ರಮುಖರು. ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯ ಬದುಕನ್ನೂ ತೊಗಲುಗೊಂಬೆಗಳಲ್ಲಿ ಆಡಿಸಿದ ಅವರು 2023ರಲ್ಲಿ ನಿಧನರಾದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದಿತು. ತೊಗಲುಗೊಂಬೆಯನ್ನೂ ಅನಿಮೇಷನ್ನನ್ನೂ ಒಟ್ಟಿಗೆ ಕಲಿಸುವ ಶಾಲೆಗಳು ನಮ್ಮಲ್ಲಿ ಹೆಚ್ಚಬೇಕು.

ಅನಿಮೇಷನ್ನಿನ ಲೆಕ್ಕ ಸರಳ. ತೆರೆಯ ಮೇಲೆ ಸೆಕೆಂಡಿಗೆ 24 ಚಿತ್ರಗಳು ಹಾಯುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಸಲ ತೋರಿಸಿದರೂ ಸೆಕೆಂಡಿಗೆ 12 ಬೇಕು. ಎರಡು ನಿಮಿಷದ ಭಾಷಣಕ್ಕೆ 1,440 ಚಿತ್ರಗಳಾದವು. ತುಟಿಯ ಚಲನೆಯನ್ನು ಮಾತಿಗೆ ಹೊಂದಿಸುವುದು ಇನ್ನೊಂದು ಪರಿಶ್ರಮ. ಇಲ್ಲಿ ನಮ್ಮ ವರ್ಣಮಾಲೆಯೇ ನೆರವಿಗೆ ಬರುತ್ತದೆ. ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚಬೇಕು, ‘ಆ’ಕಾರಕ್ಕೆ ಬಾಯಿ ತೆರೆಯಬೇಕು, ಉ, ಊ, ಒ ಸ್ವರಗಳಿಗೆ ತುಟಿ ದುಂಡಗಾಗಬೇಕು. ಅಕ್ಷರ ಹುಟ್ಟುವ ಜಾಗವನ್ನು ನೋಡಿ ವರ್ಗ ಮಾಡಿದ ವ್ಯಾಕರಣ ಪಾಠ ಹೀಗೆ ಚಿತ್ರಕಾರನ ಕೈಪಿಡಿಯಾಗುತ್ತದೆ.

ಈ ಕಲೆ ಚರಿತ್ರೆಯನ್ನು ಮುಟ್ಟಿದ್ದೂ ಬೇಗನೆ. 1918ರಲ್ಲೇ ಅಮೆರಿಕದ ವಿನ್ಸರ್ ಮೆಕೇ, ಲೂಸಿಟಾನಿಯಾ ಹಡಗು ಮುಳುಗಿದ ಘಟನೆಯನ್ನು ಚಿತ್ರಗಳಲ್ಲಿ ಚಲಿಸುವಂತೆ ಮಾಡಿ ತೋರಿಸಿದ. ಆ ಘಟನೆಯನ್ನು ಯಾವ ಕ್ಯಾಮೆರಾವೂ ಸೆರೆಹಿಡಿದಿರಲಿಲ್ಲ. ನಮ್ಮಲ್ಲಿ ಫಿಲ್ಮ್ಸ್ ಡಿವಿಷನ್ 1957ರಲ್ಲಿ ಜಾತಕ ಕಥೆಯೊಂದನ್ನು ಆಧರಿಸಿ ‘ದಿ ಬ್ಯಾನಿಯನ್ ಡೀರ್’ ತಯಾರಿಸಿತು. ಅನಿಮೇಷನ್ ಮುಂತಾದ ಉದ್ಯಮಗಳಿಗಾಗಿ ಕರ್ನಾಟಕ ಸರ್ಕಾರ 2012ರಲ್ಲಿ ಪ್ರತ್ಯೇಕ ನೀತಿಯನ್ನೇ ತಂದಿತು. ಕೊಟ್ಟ ಮಾತಿಗೆ ತಪ್ಪದ ಹಸುವಿನ ಕನ್ನಡ ಕಥೆಯನ್ನು ಆಧರಿಸಿದ ‘ಪುಣ್ಯಕೋಟಿ’ ಎಂಬ ಸಂಸ್ಕೃತ ಅನಿಮೇಷನ್ ಚಿತ್ರ ಬೆಂಗಳೂರಿನವರ ಪ್ರಯತ್ನದಿಂದ, ಅಂತರ್ಜಾಲದ ಮೂಲಕ ಹಲವರ ನೆರವು ಪಡೆದು, 2020ರಲ್ಲಿ ತೆರೆಕಂಡಿತು.

ರುಜು ಹಾಕುವ ಧೈರ್ಯ

ಈಗ ಒಂದು ಹೊಸ ತೊಡಕು ಎದ್ದಿದೆ. ಕೃತಕ ಬುದ್ಧಿಮತ್ತೆಯ ಯಂತ್ರಗಳು ವ್ಯಕ್ತಿಯೊಬ್ಬರ ಧ್ವನಿಯ ಸಣ್ಣ ಮಾದರಿ ಸಿಕ್ಕರೂ ಸಾಕು, ಅವರು ಆಡದ ಮಾತನ್ನು ಅವರದೇ ಧ್ವನಿಯಲ್ಲಿ ಆಡಿಸುತ್ತವೆ. ಹಳೆಯ ಛಾಯಾಚಿತ್ರದ ತುಟಿ ಅಲುಗಾಡಿಸುತ್ತವೆ. ನಾಟಕದ ಚೆನ್ನಮ್ಮನನ್ನು ನೋಡಿದವರಿಗೆ ರಟ್ಟಿನ ಕತ್ತಿ ಕಾಣುತ್ತಿತ್ತು. ತೊಗಲುಗೊಂಬೆಯ ಪ್ರೇಕ್ಷಕನಿಗೆ ಕಡ್ಡಿ ಕಾಣುತ್ತಿತ್ತು. ಕಟ್ಟಿದ್ದು ಯಾವುದು ಎಂಬುದಕ್ಕೆ ಆಗ ಕಣ್ಣೇ ಸಾಕ್ಷಿ. ಇಂದು ಆ ಕತ್ತಿ, ಆ ಕಡ್ಡಿ ಎರಡೂ ಕಾಣದಂತಾಗಿವೆ. ಸುಳ್ಳು ಭಾಷಣದಿಂದ ಒಂದು ಊರಿನ ನೆಮ್ಮದಿ ಕೆಡಲು ಈಗ ಬಹಳ ಹೊತ್ತು ಬೇಡ.

ಹಾಗೆಂದು ಸ್ಪರ್ಧೆಗಳನ್ನೇ ದೂರುವುದು ಸರಿಯಲ್ಲ. ಒಂದು ಭಾಷಣವನ್ನು 1,440 ಚಿತ್ರಗಳಾಗಿ ಬಿಡಿಸುವ ಹುಡುಗಿ ಅದರ ಒಂದೊಂದು ಪದವನ್ನೂ ಹತ್ತಾರು ಸಲ ಕೇಳುತ್ತಾಳೆ. ಪರೀಕ್ಷೆಗಾಗಿ ಉರುಹೊಡೆದವನಿಗಿಂತ ಆಕೆಗೆ ಆ ಮಾತು ಹೆಚ್ಚು ದಕ್ಕುತ್ತದೆ. ಆಗಬೇಕಾದದ್ದು ಇಷ್ಟೇ. ಚಿತ್ರದ ಕೊನೆಯಲ್ಲಿ ಮೂರು ಸಾಲು ಕಡ್ಡಾಯವಾಗಲಿ: ಈ ಮಾತು ಯಾವ ದಾಖಲೆಯಿಂದ ಬಂತು, ಈ ಧ್ವನಿ ಯಾರದು, ಇದರಲ್ಲಿ ನಾವು ಕಲ್ಪಿಸಿದ್ದು ಎಷ್ಟು. ಬಹುಮಾನ ಕೊಡುವವರು ಚಿತ್ರದ ಅಂದಕ್ಕೆ ಕೊಡುವ ಅಂಕಗಳಷ್ಟನ್ನೇ ಈ ಮೂರು ಸಾಲಿನ ಪ್ರಾಮಾಣಿಕತೆಗೂ ಕೊಡಲಿ. ಮಾತೇ ಉಳಿಯದ ಓಬವ್ವನಂಥವರನ್ನು ಮೂಕಚಿತ್ರವಾಗಿಯೇ ತೋರಿಸಲು ಅವಕಾಶವಿರಲಿ. ಹಳ್ಳಿಯ ಹಿರಿಯರ ನೆನಪಿನಲ್ಲಿ ಉಳಿದಿರುವ ಕಟ್ಟೆಯ ಮಾತುಗಳನ್ನು, ಹೇಳಿದವರ ಒಪ್ಪಿಗೆ ಪಡೆದು, ಅವರದೇ ಕಂಠದಲ್ಲಿ ದಾಖಲಿಸಿ ಚಿತ್ರಿಸಲು ಪ್ರೋತ್ಸಾಹ ಸಿಗಲಿ. ಆಗ ಭಾಷಣಗಳ ಪಟ್ಟಿಯೂ ಸ್ವಲ್ಪ ಉದ್ದವಾದೀತು.

ಸತ್ಯ ನುಡಿಯಬೇಕೆಂಬ ಮಾತನ್ನು ಬ್ರಹ್ಮಗಿರಿಯ ಬಂಡೆಯ ಮೇಲೆ ಕೊರೆದಿಟ್ಟ ಚಪಡ, ಅದು ತನ್ನ ಮಾತೆಂದು ಎಲ್ಲೂ ಹೇಳಿಕೊಳ್ಳಲಿಲ್ಲ. ಹೇಳಿದವನು ದೇವಾನಾಂಪಿಯ, ತಲುಪಿಸಿದವರು ಸುವರ್ಣಗಿರಿಯವರು, ಬರೆದವನು ನಾನು ಎಂದು ಮೂರನ್ನೂ ಬೇರೆ ಬೇರೆಯಾಗಿ ತಿಳಿಸಿದ. ಇಂದಿನ ಯಾವ ಸ್ಪರ್ಧೆಯ ನಿಯಮಾವಳಿಗೂ ಇದಕ್ಕಿಂತ ಹೆಚ್ಚಿನ ಮಾದರಿ ಬೇಕಿಲ್ಲ.